ಕಣ್ಣು ಮತ್ತು ಬೆಳಕು

ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಮಾಡಿದ ಬಳಿಕ, ಎಲೆಯ ಬಣ್ಣವನ್ನು ನೋಡಿ ದರ್ಜೆ ವಿಂಗಡಿಸುವುದುಂಟು. ನಿಂಬೆಯ ಹಳದಿಗೂ ಕಿತ್ತಳೆಯ ಛಾಯೆಗೂ ಇರುವ ಭೇದವನ್ನು ಅಲ್ಲಿ ಕಣ್ಣೇ ಅಳೆಯಬೇಕು. ಅಂತಹ ಕೆಲಸಗಾರನ ದೃಷ್ಟಿ ಮಸುಕಾದರೆ ನೋಟದೊಡನೆ ಜೀವನೋಪಾಯವೂ ಕೆಡುವುದು. ಆದಕಾರಣ ಕಣ್ಣು ಬೆಳಕನ್ನು ಹೇಗೆ ಒಂದುಗೂಡಿಸುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ನಾವು ಸ್ವಲ್ಪ ವಿಚಾರಮಾಡೋಣ.

ವಸ್ತುವಿನಿಂದ ಬಂದ ಕಿರಣಗಳು ಮೊದಲು ಕಣ್ಣಿನ ಮುಂಭಾಗದ ಪಾರದರ್ಶಕವಾದ ಕಾರ್ನಿಯವನ್ನು ಹಾಯುತ್ತವೆ. ಅವುಗಳನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇಲ್ಲಿಯೇ ಆಗುತ್ತದೆ. ಉಳಿದುದನ್ನು ಪಾಪೆಯ ಹಿಂದಿರುವ ಮಸೂರವು ಪೂರೈಸುತ್ತದೆ. ಹೀಗೆ ಕೂಡಿದ ಕಿರಣಗಳು ಒಳಗಿನ ಅಕ್ಷಿಪಟದ ಮೇಲೆ ಬಿಂಬವನ್ನು ಮೂಡಿಸುತ್ತವೆ. ದೂರದ ಮರವನ್ನು ಬಿಟ್ಟು ಕೈಯಲ್ಲಿರುವ ಪುಸ್ತಕವನ್ನು ನೋಡಿದೊಡನೆ ಮಸೂರವು ಉಬ್ಬಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ.

ಕೃಷ್ಣರಾಜನಗರದ ಶಾಲೆಯೊಂದರಲ್ಲಿ ಹಿಂದಿನ ಸಾಲಿನ ಹುಡುಗನಿಗೆ ಕರಿಹಲಗೆಯ ಅಕ್ಷರ ಕಾಣದೆಂದು ಭಾವಿಸೋಣ. ಸುಮಾರು 24 ಮಿಲಿಮೀಟರು ಉದ್ದವಿರಬೇಕಾದ ಕಣ್ಣುಗುಡ್ಡೆ ಒಂದೇ ಮಿಲಿಮೀಟರು ಹೆಚ್ಚಾದರೂ ಕಿರಣಗಳು ಅಕ್ಷಿಪಟಕ್ಕೆ ಮುಂಚೆಯೇ ಕೂಡಿಬಿಡುತ್ತವೆ. ಇದು ಸಮೀಪದೃಷ್ಟಿ, ಇದಕ್ಕೆ ನಡು ತೆಳ್ಳಗಿರುವ ನಿಮ್ನ ಮಸೂರದ ಕನ್ನಡಕ ಬೇಕು. ಗುಡ್ಡೆ ಗಿಡ್ಡವಾದರೆ ದೂರದೃಷ್ಟಿ. ಅದಕ್ಕೆ ನಡು ಉಬ್ಬಿದ ಪೀನ ಮಸೂರ. ಇದನ್ನರಿಯದೆ ಹುಡುಗನನ್ನು ದಡ್ಡನೆನ್ನುವುದು ಎಷ್ಟು ಅನ್ಯಾಯ!

ಹೆಗ್ಗಡದೇವನಕೋಟೆಯ ಹಿರಿಯರೊಬ್ಬರು ದೂರದಿಂದಲೇ ಬಸ್ಸಿನ ಹೆಸರನ್ನು ಓದಬಲ್ಲರು, ಆದರೆ ಮಗನ ಕಾಗದವನ್ನು ತೋಳುದ್ದ ಹಿಡಿದರೂ ಓದಲಾರರು. ಇದೇ ಚಾಳೀಸು. ನಲವತ್ತರ ಸುಮಾರಿಗೆ ಮಸೂರವು ಬಿರುಸಾಗಿ, ಬೇಕಾದಷ್ಟು ಉಬ್ಬಲಾರದು. ಇದು ರೋಗವಲ್ಲ, ಓದುವ ಕನ್ನಡಕವೊಂದು ಸಾಕು.

ಪೊರೆಯ ವಿಷಯ ಬೇರೆ. ಅಲ್ಲಿ ಮಸೂರವೇ ಮಬ್ಬಾಗಿ ಹಳದಿಗಟ್ಟುವುದರಿಂದ ಬಣ್ಣಗಳೂ ಕಳೆಗುಂದುತ್ತವೆ. ಇದನ್ನು ಕನ್ನಡಕವು ನೀಗಲಾರದು, ಶಸ್ತ್ರಚಿಕಿತ್ಸೆಯೇ ಉಪಾಯ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಕಣ್ಣೊಳಗೆ ಕೃತಕ ಮಸೂರವನ್ನಿಟ್ಟು ಹೊಸ ದಾರಿ ತೋರಿದರು. ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರಗಳನ್ನು ನಡೆಸಿ, ಅಸಂಖ್ಯಾತ ಬಡವರ ಪೊರೆಯನ್ನು ತೆಗೆದರು.

‘ವಯಸ್ಸಾಯಿತು, ಇನ್ನೇನು?’ ಎಂದು ಕತ್ತಲೆಗೆ ಒಗ್ಗಿಕೊಳ್ಳುವ ಹಿರಿಯರು ನಮ್ಮ ಮನೆಗಳಲ್ಲಿಯೂ ಇರಬಹುದು. ಕತ್ತಲೆಯ ಕಾರಣ ಯಾವುದೆಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಹಿರಿಯರನ್ನೂ ಮಕ್ಕಳನ್ನೂ ಅವರ ಬಳಿಗೆ ಕರೆದೊಯ್ಯುವುದು ಮಾತ್ರ, ಕಾಣಬಲ್ಲ ನಮ್ಮ ಕರ್ತವ್ಯ.