ಒಂದೂ ಹೂವಿಲ್ಲದ ಹೂದೋಟ: ಆಲ್ಮಾ ಥಾಮಸ್ ಅವರ ಅಮೂರ್ತ ಚಿತ್ರ ನೋಡುವುದು ಹೇಗೆ?

ಕ್ಯಾನ್ವಾಸ್ ತುಂಬ ಮೇಲಿನಿಂದ ಕೆಳಗಿಳಿದ ಬಣ್ಣದ ಪಟ್ಟಿಗಳು. ಒಂದೊಂದು ಪಟ್ಟಿಯೂ ಸಣ್ಣ ಸಣ್ಣ ತುಂಡುಗಳಿಂದ ಆದದ್ದು, ನಡುನಡುವೆ ಬಿಳಿ ಇಣುಕುತ್ತದೆ. ಚಿತ್ರದ ಹೆಸರು 'ಐರಿಸ್, ಟ್ಯೂಲಿಪ್ಸ್, ಜಾಂಕ್ವಿಲ್ಸ್ ಅಂಡ್ ಕ್ರೋಕಸಸ್'. ನಾಲ್ಕೂ ಹೂವಿನ ಹೆಸರುಗಳೇ. ಆದರೆ ಚಿತ್ರದಲ್ಲಿ ಹುಡುಕಿದರೂ ಒಂದು ದಳ ಸಿಗುವುದಿಲ್ಲ. 'ಹೂವೆಲ್ಲಿ?' ಎಂದು ಯಾರಾದರೂ ಕೇಳಿದರೆ ಅದು ದಡ್ಡ ಪ್ರಶ್ನೆಯೇನಲ್ಲ.

1969ರಲ್ಲಿ ಇದನ್ನು ಬರೆದವರು ಅಮೆರಿಕದ ಕಲಾವಿದೆ ಆಲ್ಮಾ ಥಾಮಸ್. ಆಗ ಅವರಿಗೆ ಎಂಬತ್ತು ಸಮೀಪಿಸಿತ್ತು. ವಾಷಿಂಗ್ಟನ್‌ನ ಶಾಲೆಯೊಂದರಲ್ಲಿ ಸುಮಾರು 35 ವರ್ಷ ಚಿತ್ರಕಲೆ ಕಲಿಸಿ, 1960ರಲ್ಲಿ ನಿವೃತ್ತರಾದ ಮೇಲೆಯೇ ಅವರು ಪೂರ್ಣಾವಧಿ ಕಲಾವಿದೆಯಾದದ್ದು. ದೊಡ್ಡ ಸ್ಟುಡಿಯೋ ಇರಲಿಲ್ಲ. ಮನೆಯೇ ಸ್ಟುಡಿಯೋ. ಕಿಟಕಿಯಾಚೆ ಒಂದು ಹಾಲಿ ಮರವಿತ್ತು. ಅದರ ಎಲೆಗಳ ಸಂದಿಯಿಂದ ಬೆಳಕು ತುಂಡುತುಂಡಾಗಿ ಒಳಬರುವುದನ್ನು ನೋಡುತ್ತಲೇ ತಮ್ಮ ಶೈಲಿ ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ.

ಹೂವಿನ ವಿಷಯಕ್ಕೆ ಬಂದರೆ, ವಿಮಾನದಲ್ಲಿ ಕೂತು ಕೆಳಗೆ ನೋಡಿದರೆ ತೋಟ ಹೇಗೆ ಕಾಣಬಹುದು ಎಂಬುದು ಅವರ ಕಲ್ಪನೆ. ಅಷ್ಟು ಎತ್ತರದಿಂದ ದಳ, ಕಾಂಡ, ಎಲೆ ಯಾವುದೂ ಕಾಣದು. ಉಳಿಯುವುದು ಬಣ್ಣದ ಸಾಲುಗಳು ಮಾತ್ರ. ಯಾವ ಬಣ್ಣದ ಪಕ್ಕ ಯಾವ ಬಣ್ಣ, ಎಷ್ಟು ಅಗಲ ಎಂಬುದೇ ಆಗ ತೋಟದ ಗುರುತು. ಅಮೂರ್ತ ಚಿತ್ರ ಎಂದರೆ ಮನಸ್ಸಿಗೆ ಬಂದಂತೆ ಬಣ್ಣ ಎರಚುವುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಇವರ ಕೆಲವು ಚಿತ್ರಗಳಲ್ಲಿ ಬಣ್ಣದಡಿಯ ಪೆನ್ಸಿಲ್ ಗೆರೆಗಳು ಇಂದಿಗೂ ಕಾಣುತ್ತವೆ. ಲೆಕ್ಕ ಹಾಕಿಯೇ ಇಟ್ಟ ಬಣ್ಣ ಅದು.

ಇನ್ನು ಆ ಬಿಳಿ ಸಂದಿ. ಬಣ್ಣಗಳು ಒಂದಕ್ಕೊಂದು ತಾಗಿದ್ದರೆ ಚಿತ್ರ ಹಾಸಿದ ಬಟ್ಟೆಯಂತೆ ಸುಮ್ಮನೆ ಬಿದ್ದಿರುತ್ತಿತ್ತು. ಸಂದಿ ಇರುವುದರಿಂದ ಗಾಳಿಗೆ ಹೂವು ಅಲುಗಿದಂತೆ ಕಣ್ಣಿಗೆ ಭಾಸವಾಗುತ್ತದೆ.

ಈ ತೋಟದ ಹಿಂದೆ ಕಹಿಯೂ ಇದೆ. ಥಾಮಸ್ ಹುಟ್ಟಿದ್ದು 1891ರಲ್ಲಿ, ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ. ಕಪ್ಪು ಜನರಿಗೆ ಅಲ್ಲಿನ ಮ್ಯೂಸಿಯಂಗಳಿಗೆ ಪ್ರವೇಶವಿರಲಿಲ್ಲ. ಜನಾಂಗೀಯ ಹಿಂಸೆಯ ಭಯದಿಂದ ಮತ್ತು ಮಕ್ಕಳ ಓದಿಗಾಗಿ ಕುಟುಂಬ 1907ರಲ್ಲಿ ವಾಷಿಂಗ್ಟನ್‌ಗೆ ಬಂತು. ಅದೇ ಹುಡುಗಿ 1972ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿ ಏಕವ್ಯಕ್ತಿ ಪ್ರದರ್ಶನ ನೀಡಿದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆಯಾದರು. ಅವರ 'ರಿಸರೆಕ್ಷನ್' ಚಿತ್ರ 2015ರಲ್ಲಿ ಶ್ವೇತಭವನದ ಗೋಡೆ ಏರಿತು. ಅದನ್ನು ನೋಡಲು ಅವರಿರಲಿಲ್ಲ. 1978ರಲ್ಲೇ ತೀರಿಕೊಂಡಿದ್ದರು.

ಕೊನೆಗಾಲದಲ್ಲಿ ಸಂಧಿವಾತ ಅವರನ್ನು ಕಾಡುತ್ತಿತ್ತು. ಆದರೂ 1976ರಲ್ಲಿ ಕೆಂಪು ಅಜೇಲಿಯಾ ಹೂಗಳು ರಾಕ್ ಅಂಡ್ ರೋಲ್ ಹಾಡಿ ಕುಣಿಯುವ ಹೆಸರಿನ ಚಿತ್ರ ಬರೆದರು. ಮೂರು ಫಲಕ ಸೇರಿ ಸುಮಾರು 13 ಅಡಿ ಅಗಲ. ಬಿಳಿಯ ಮೇಲೆ ಕೆಂಪು ಚೂರುಗಳಷ್ಟೇ. ಎಡದಲ್ಲಿ ಒತ್ತೊತ್ತಾಗಿರುವ ಚೂರುಗಳು ಬಲಕ್ಕೆ ಹೋದಂತೆ ಬಿಡಿಬಿಡಿಯಾಗುತ್ತವೆ.

ಮನೆಯಲ್ಲೇ ಪ್ರಯತ್ನಿಸಬೇಕೆನ್ನುವವರು ಮುಂಬೈ, ಪುಣೆಯ ಬೀದಿಯ ಗುಲ್‌ಮೊಹರ್‌ನಿಂದಲೇ ಶುರುಮಾಡಬಹುದು. ಕಣ್ಣು ಅರೆಮುಚ್ಚಿ ಮರ ನೋಡಿ. ಕೆಂಪು ಎಷ್ಟು, ಹಸಿರು ಎಷ್ಟು, ಆಕಾಶ ಎಲ್ಲೆಲ್ಲಿ ಇಣುಕುತ್ತದೆ ಎಂಬುದನ್ನಷ್ಟೇ ಹಾಳೆಗೆ ಇಳಿಸಿ. ಹೂವಿನ ಆಕಾರ ಬಿಡಿಸಲು ಕೈ ತುಡಿದರೆ ಅಗಲವಾದ ಚಪ್ಪಟೆ ಬ್ರಷ್ ಹಿಡಿಯಿರಿ. ಅದರಲ್ಲಿ ದಳ ಬಿಡಿಸುವುದು ಸುಲಭವಲ್ಲ.