ಆಪ್ತರ ಮಾತು

ವೃತ್ತಪತ್ರಿಕೆಯೂ ರೇಡಿಯೋವೂ ಜನರ ಬುದ್ಧಿಯನ್ನು ಬೇಕಾದ ಕಡೆಗೆ ತಿರುಗಿಸಬಲ್ಲವೆಂಬ ನಂಬಿಕೆಯು ಹಿಂದೆ ಪಂಡಿತರಲ್ಲಿಯೂ ಬಲವಾಗಿದ್ದಿತು. ಅದನ್ನು ಒರೆಗೆ ಹಚ್ಚಿ ನೋಡಿದವರಲ್ಲಿ ಪಾಲ್ ಲಾಜರ್ಸ್‌ಫೆಲ್ಡರೂ ಅವರ ಸಂಗಡಿಗರೂ ಮುಖ್ಯರು. 1940ರಲ್ಲಿ ಅಮೇರಿಕಾದ ಅಧ್ಯಕ್ಷಪದವಿಗೆ ರೂಸ್‌ವೆಲ್ಟರೂ ವಿಲ್ಕಿಯವರೂ ಸ್ಪರ್ಧಿಸಿದಾಗ, ಇವರು ಓಹಾಯೋ ಸಂಸ್ಥಾನದ ಈರಿ ಪ್ರಾಂತದಲ್ಲಿ 600 ಮಂದಿಯನ್ನು ಆರಿಸಿಕೊಂಡು, ಮೇ ತಿಂಗಳಿನಿಂದ ನವೆಂಬರಿನವರೆಗೆ ಮತ್ತೆ ಮತ್ತೆ ವಿಚಾರಿಸಿದರು. 1944ರಲ್ಲಿ ಹೊರಬಂದ ಗ್ರಂಥದಿಂದ ತಿಳಿಯಬಂದುದೇನು? ಪ್ರಚಾರಕ್ಕೆ ಮನಸೋತು ಪಕ್ಷವನ್ನು ಬದಲಿಸಿದವರು ಬಹು ಸ್ವಲ್ಪ ಮಂದಿ. ಪತ್ರಿಕೆಗಿಂತಲೂ ಮನೆಯವರ, ನೆರೆಹೊರೆಯವರ ಮಾತೇ ಹೆಚ್ಚಾಗಿ ನಾಟಿದ್ದಿತು. ಓದುವವರು ಕೆಲವರು, ಅವರ ಬಾಯಿಂದ ಕೇಳಿ ನಂಬುವವರು ಹಲವರು.

ಅನಂತರ ಇಲಿನಾಯ್ ಸಂಸ್ಥಾನದ ಡಿಕೇಟರ್ ಪಟ್ಟಣದ ಸ್ತ್ರೀಯರನ್ನು ಕುರಿತು ಕಾಟ್ಸ್ ಮತ್ತು ಲಾಜರ್ಸ್‌ಫೆಲ್ಡರು 1955ರಲ್ಲಿ ಇನ್ನೊಂದು ಗ್ರಂಥವನ್ನು ಪ್ರಕಟಿಸಿದರು. ಮನೆಸಾಮಾನಿನ ವಿಷಯದಲ್ಲಿ ದೊಡ್ಡ ಸಂಸಾರದ ಗೃಹಿಣಿಯ ಮಾತು ನಡೆಯುವುದು. ಉಡುಪು, ಸಿನಿಮಾಗಳ ವಿಷಯದಲ್ಲಿ ಅವಿವಾಹಿತೆಯಾದ ತರುಣಿಯದು. ಇದಕ್ಕೆ ಇಷ್ಟು ಶೋಧನೆ ಬೇಕಾಗಿತ್ತೆ ಎಂದು ನಮ್ಮ ಗೃಹಿಣಿಯರು ನಕ್ಕಾರು. ಎಲ್ಲರೂ ಬಲ್ಲುದನ್ನು ಎಣಿಸಿ ತೋರಿಸುವುದೂ ಶಾಸ್ತ್ರದ ಕೆಲಸವೇ.

ನಮಗೆ ಇಲ್ಲಿ ನ್ಯಾಯಶಾಸ್ತ್ರವು ನೆನಪಾಗುತ್ತದೆ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ನೈಯಾಯಿಕರ ಮತ. ಕನ್ನಡದಲ್ಲಿ ಆಪ್ತನೆಂದರೆ ನಮ್ಮಲ್ಲಿ ಪ್ರೀತಿಯುಳ್ಳವನು, ಹತ್ತಿರದವನು. ಭಾಷ್ಯಕಾರನಾದ ವಾತ್ಸ್ಯಾಯನನ ಆಪ್ತನೋ ಬೇರೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಲು ಬಯಸುವವನು. ಋಷಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದು ಆತನು ಸ್ಪಷ್ಟವಾಗಿ ಹೇಳಿರುವನು. ಅಮೇರಿಕಾದ ಪಂಡಿತರು ಕಂಡ ನೆರೆಯವನು ಕನ್ನಡದ ಆಪ್ತನೇ ಹೊರತು ಭಾಷ್ಯದ ಆಪ್ತನೆಂಬ ನಿಶ್ಚಯವಿಲ್ಲ.

ಈ ಭೇದವು ಕೇವಲ ಪಾಂಡಿತ್ಯದ ಮಾತಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ಬಗೆದರು. ವಾಟ್ಸಾಪಿನ ಸುದ್ದಿಯು ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ಕೂಡಿದ ಗುಂಪು ಒಬ್ಬರನ್ನು ಹೊಡೆದು ಕೊಂದಿತು. ಸುದ್ದಿಯನ್ನು ಕಳುಹಿಸಿದವರು ಪರಸ್ಪರ ಪರಿಚಿತರೇ, ಬಂಧುಗಳೇ ಆಗಿದ್ದಿರಬೇಕು. ಕಳ್ಳತನವನ್ನು ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಅದೇ ತಿಂಗಳು ಆ ಕಂಪೆನಿಯು, ಭಾರತದಲ್ಲಿ ಬಂದ ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಮುಂದಕ್ಕೆ ಕಳುಹಿಸಬಹುದೆಂದು ಮಿತಿಯಿಟ್ಟಿತು.

ನಮ್ಮ ಮನೆಯ ಮಕ್ಕಳು ಮೊಬೈಲಿನಲ್ಲಿ ಬಂದುದನ್ನು ಓದಿ ಹೇಳತೊಡಗಿದರೆ, ಕಂಡವರು ಯಾರೆಂದು ನಾವು ಕೇಳುವುದುಂಟು. ಮೊದಮೊದಲು ಅವರಿಗೆ ಬೇಸರವಾಗುತ್ತಿದ್ದಿತು. ಈಗ ಹೇಳುವ ಮುನ್ನ ತಾವೇ ಕೇಳಿಕೊಂಡು, ಎಷ್ಟೋ ಸುದ್ದಿಗಳನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ.