ಬಸುರಿಯ ತಲೆನೋವನ್ನು ಹಗುರವಾಗಿ ಕಾಣಬೇಡಿ

ಪಂಚನಹಳ್ಳಿಯಂಥ ಬಯಲುಸೀಮೆಯ ಊರಿನಲ್ಲಿ ತುಂಬು ಬಸುರಿಯೊಬ್ಬಳು "ತಲೆ ಸಿಡೀತಿದೆ ಅತ್ತೆ" ಎಂದರೆ, "ಬಿಸಿಲಿಗಿರಬೇಕು, ಮಜ್ಜಿಗೆ ಕುಡಿದು ಮಲಗಮ್ಮ" ಎನ್ನುವುದು ಸಹಜ. ಪ್ರೀತಿಯಿಂದ ಆಡಿದ ಈ ಮಾತೇ ಕೆಲವೊಮ್ಮೆ ತಾಯಿ, ಮಗು ಇಬ್ಬರ ಜೀವಕ್ಕೂ ಎರವಾಗಬಹುದು.

ಗರ್ಭ ಧರಿಸಿ 20 ವಾರ ಕಳೆದ ಮೇಲೆ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿದರೆ ಅಥವಾ ಲಿವರ್, ಕಿಡ್ನಿಗಳಿಗೆ ತೊಂದರೆಯಾದರೆ ಅದು ಪ್ರಿ-ಎಕ್ಲಾಂಪ್ಸಿಯಾ. ಉಲ್ಬಣಿಸಿ ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಆರಂಭದಲ್ಲಿ ಬಸುರಿ ಆರೋಗ್ಯವಾಗಿಯೇ ಕಾಣುತ್ತಾಳೆ. ಆದ್ದರಿಂದ ಪ್ರತಿ ತಪಾಸಣೆಯಲ್ಲೂ ಬಿ.ಪಿ. ಮತ್ತು ಮೂತ್ರ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಹೆರಿಗೆಗೆ ತವರಿಗೆ ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ಹಿಂದಿನ ಬಿ.ಪಿ. ಎಷ್ಟಿತ್ತೆಂದು ಅಲ್ಲಿನ ವೈದ್ಯರಿಗೆ ಅದೇ ಹೇಳುತ್ತದೆ.

ಅಪಾಯದ ಗುರುತುಗಳು ಇವು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆನೋವು, ಮುಖ ಮತ್ತು ಕೈ ದಿಢೀರನೆ ಊದುವುದು, ಉಸಿರಾಟಕ್ಕೆ ಕಷ್ಟ. ಇವುಗಳಲ್ಲಿ ಒಂದು ಕಂಡರೂ, ಬಿ.ಪಿ. 160/110 ಮುಟ್ಟಿದರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ.

ಆಸ್ಪತ್ರೆಯಲ್ಲಿ ಬಿ.ಪಿ. ಇಳಿಸಲು ಲ್ಯಾಬೆಟಲಾಲ್, ನಿಫೆಡಿಪಿನ್‌ನಂಥ ಔಷಧಿ ಕೊಡುತ್ತಾರೆ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. ಈ ಇಂಜೆಕ್ಷನ್ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಳಿಸುತ್ತದೆಂದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಆದರೆ ಕಾಯಿಲೆ ಪೂರ್ತಿ ಇಳಿಯುವುದು ಹೆರಿಗೆಯ ನಂತರವೇ. ಹಾಗಾಗಿ ಕೆಲವೊಮ್ಮೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಹೆರಿಗೆಯಾಯಿತೆಂದು ನಿಶ್ಚಿಂತರಾಗುವಂತಿಲ್ಲ, ಬಾಣಂತನದ ಮೊದಲ ಆರು ವಾರಗಳಲ್ಲೂ ಇದು ಕಾಣಿಸಿಕೊಳ್ಳಬಹುದು.

ತಡೆಯುವ ದಾರಿಯೂ ಇದೆ. ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ 11,000 ಚೊಚ್ಚಲ ಬಸುರಿಯರಲ್ಲಿ ಅಧ್ಯಯನ ನಡೆಸಿತು. ಪ್ರಿ-ಎಕ್ಲಾಂಪ್ಸಿಯಾ ತಡೆಯುವಲ್ಲಿ ದಿನಕ್ಕೆ 500 ಮಿ.ಗ್ರಾಂ. ಕ್ಯಾಲ್ಸಿಯಂ 1,500 ಮಿ.ಗ್ರಾಂ.ಗಿಂತ ಕಡಿಮೆಯೇನಲ್ಲ ಎಂದು 2024ರಲ್ಲಿ ಅದು ತಿಳಿಸಿತು. ಹಿಂದಿನ ಬಸುರಿನಲ್ಲಿ ಹೀಗಾಗಿದ್ದವರು, ಮೊದಲೇ ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇರುವವರು, ಅವಳಿ ಮಕ್ಕಳನ್ನು ಹೊತ್ತವರು ನಾಲ್ಕು ತಿಂಗಳು ತುಂಬುವ ಮೊದಲೇ ವೈದ್ಯರನ್ನು ಕಾಣಲಿ. ಅವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕಾಗಬಹುದು. ಸ್ವಂತವಾಗಿ ನುಂಗುವುದು ಸಲ್ಲ.

ಮನೆಯ ಸೊಸೆ, ಮಗಳು ಇನ್ನೊಮ್ಮೆ "ತಲೆನೋವು" ಎಂದಾಗ ಮೊದಲು ಕೇಳಬೇಕಾದ ಮಾತು ಒಂದೇ: "ಬಿ.ಪಿ. ನೋಡಿಸಿದೆಯೇನಮ್ಮ?"